ಪ್ರಭುತ್ವದ ಬಾಯಲ್ಲಿ ವ್ರತದ ನುಡಿ

ನಮ್ಮ ಬಸದಿಗಳ ಪಂಚಕಲ್ಯಾಣ ಮಹೋತ್ಸವವಿರಲಿ, ವಿದ್ಯಾರ್ಥಿನಿಲಯದ ಬೆಳ್ಳಿಹಬ್ಬವಿರಲಿ, ಸ್ಮರಣ ಸಂಚಿಕೆಯ ಮೊದಲ ಹತ್ತು ಪುಟಗಳು ಯಾರಿಗೆ ಮೀಸಲೆಂಬುದು ಸಮಾಜಬಾಂಧವರಿಗೆಲ್ಲ ತಿಳಿದದ್ದೇ. ಮಂತ್ರಿ ಮಹೋದಯರ ಭಾವಚಿತ್ರ, ಅದರ ಕೆಳಗೆ ಸಂದೇಶ. ಸಂದೇಶದಲ್ಲಿ ಅಹಿಂಸೆ, ತ್ಯಾಗ, ಸಂಯಮ ಎಂಬ ಮೂರು ಪದಗಳು ಯಾವ ಕ್ರಮದಲ್ಲಾದರೂ ಬಂದೇ ಬರುತ್ತವೆ. ಇಂಥದೊಂದು ಸಂಚಿಕೆಯ ಸಂಪಾದಕ ಸಮಿತಿಯಲ್ಲಿ ನಾನೂ ಕುಳಿತಿದ್ದೆ. ಸಂದೇಶ ಬರುವುದು ತಡವಾದಾಗ ಕಚೇರಿಯವರು ದೂರವಾಣಿಯಲ್ಲಿ, "ನೀವೇ ಬರೆದು ಕಳುಹಿಸಿಬಿಡಿ ಸ್ವಾಮಿ, ಸಾಹೇಬರ ಸಹಿ ಹಾಕಿಸಿ ಕೊಡುತ್ತೇವೆ" ಎಂದರು. ನಾವು ಬರೆದು ಕಳುಹಿಸಿದೆವು. ಅಹಿಂಸೆಯನ್ನು ಕುರಿತು ನಾವೇ ಬರೆದ ನಾಲ್ಕು ವಾಕ್ಯಗಳನ್ನು ಸರ್ಕಾರದ ಮುದ್ರೆಯೊಡನೆ ಮರಳಿ ಪಡೆದು ಧನ್ಯರಾದೆವು.

ಅಂದು ನಕ್ಕು ಮರೆತ ಈ ಸಂಗತಿಯನ್ನು ಈಗ ನೆನೆಯಲು ಕಾರಣವಿದೆ. ಸರ್ಕಾರಗಳು ಸುಳ್ಳಾಡುತ್ತವೆ ಎಂಬುದು ಹಳೆಯ ದೂರು. ಅದಕ್ಕಾಗಿ ಈ ಪತ್ರಿಕೆಯ ಪುಟಗಳನ್ನು ವ್ಯಯಿಸಬೇಕಾಗಿಲ್ಲ. ನನ್ನ ಆಕ್ಷೇಪ ಬೇರೆ. ಸುಳ್ಳಿಗಿಂತ ಸೂಕ್ಷ್ಮವಾದ, ಆದುದರಿಂದಲೇ ಸುಳ್ಳಿಗಿಂತ ಬಲವಾದ ಉಪಾಯವೊಂದು ಪ್ರಭುತ್ವದ ಕೈಯಲ್ಲಿದೆ. ಅದು ವ್ರತಿಗಳ ಮಾತನ್ನು ಎರವಲು ಪಡೆದು ಪ್ರಜೆಗಳ ಮೇಲೆ ಆಜ್ಞೆಯಾಗಿ ಹೊರಿಸುವ ಉಪಾಯ. ವ್ರತದ ನುಡಿ ಎಂದಿಗೂ ಉತ್ತಮಪುರುಷದ ನುಡಿ: ನಾನು ಬಿಡುತ್ತೇನೆ, ನಾನು ಸಹಿಸುತ್ತೇನೆ, ನಾನು ಮೌನವಾಗಿರುತ್ತೇನೆ. ಪ್ರಭುತ್ವ ಅದನ್ನು ಮಧ್ಯಮಪುರುಷಕ್ಕೆ ತಿರುಗಿಸುತ್ತದೆ: ನೀವು ಬಿಡಿ, ನೀವು ಸಹಿಸಿ, ನೀವು ಸುಮ್ಮನಿರಿ. ಪದ ಅದೇ, ಪರಿಮಳವೂ ಅದೇ. ಕ್ರಿಯಾಪದದ ಕೊನೆ ಮಾತ್ರ ಬದಲಾಗಿರುತ್ತದೆ. ಅಷ್ಟರಿಂದಲೇ ತ್ಯಾಗವೆಂಬುದು ವಸೂಲಿಯಾಗುತ್ತದೆ.

ದೂರದ ನಿದರ್ಶನ ಬೇಡ. ಭಗವಾನ್ ಮಹಾವೀರರ 2500ನೆಯ ನಿರ್ವಾಣ ಮಹೋತ್ಸವವನ್ನು ಭಾರತ ಸರ್ಕಾರವೇ ಮುಂದೆ ನಿಂತು ಆಚರಿಸಿದ ವರ್ಷ ನಮ್ಮ ಹಿರಿಯರ ನೆನಪಿನಲ್ಲಿ ಇನ್ನೂ ಹಸಿರಾಗಿದೆ. 1974ರ ನವೆಂಬರ್ 13ರ ದೀಪಾವಳಿಯಂದು ಆರಂಭವಾದ ಆ ಉತ್ಸವಕ್ಕೆ ಪ್ರಧಾನಿ ಇಂದಿರಾ ಗಾಂಧಿಯವರ ನೇತೃತ್ವದ ರಾಷ್ಟ್ರೀಯ ಸಮಿತಿಯಿತ್ತು. ಸ್ಮಾರಕ ಅಂಚೆಚೀಟಿ ಬಂತು. ದೇಶದ ಉದ್ದಗಲಕ್ಕೂ ಅಹಿಂಸೆಯ ಮೇಲೆ ಭಾಷಣಗಳಾದವು. ಆ ದೀಪಾವಳಿಗೆ ಆರು ತಿಂಗಳು ಮೊದಲು, ಮೇ 18ರಂದು, ಅದೇ ಸರ್ಕಾರ ಪೋಖರಣ್‌ನಲ್ಲಿ ಪರಮಾಣು ಸ್ಫೋಟ ನಡೆಸಿ ಅದನ್ನು 'ಶಾಂತಿಯುತ' ಸ್ಫೋಟವೆಂದು ಕರೆದಿತ್ತು. ದೀಪಾವಳಿ ಕಳೆದ ಏಳು ತಿಂಗಳಿಗೆ, ನಿರ್ವಾಣ ವರ್ಷ ಇನ್ನೂ ಮುಗಿಯದಿರುವಾಗಲೇ, 1975ರ ಜೂನ್ 25ರ ರಾತ್ರಿ ತುರ್ತು ಪರಿಸ್ಥಿತಿ ಘೋಷಣೆಯಾಯಿತು.

ದೇಶಕ್ಕೆ ಅಣ್ವಸ್ತ್ರ ಬೇಕೆ ಬೇಡವೆ ಎಂಬುದು ಬೇರೆ ವಾದ. ಅಸ್ತ್ರ ನಿರ್ಮಾಣದ ಶಕ್ತಿಯನ್ನು ಪರೀಕ್ಷಿಸಿದೆವು ಎಂದಿದ್ದರೆ ಒಪ್ಪುವವರು ಒಪ್ಪುತ್ತಿದ್ದರು, ಒಪ್ಪದವರು ವಾದಿಸುತ್ತಿದ್ದರು. 'ಶಾಂತಿಯುತ' ಎಂಬ ವಿಶೇಷಣ ಮಾಡಿದ ಕೆಲಸವೆಂದರೆ ಆ ವಾದಕ್ಕೇ ಎಡೆಗೊಡದಿದ್ದುದು. ಶಾಂತಿಯ ವಿರುದ್ಧ ವಾದಿಸುವವರು ಯಾರು? ಆ ಪ್ರಯೋಗದ ಮುಂದಾಳುಗಳಲ್ಲಿ ಒಬ್ಬರಾಗಿದ್ದ, ನಮ್ಮ ತುಮಕೂರು ಜಿಲ್ಲೆಯಲ್ಲಿ ಜನಿಸಿದ ರಾಜಾ ರಾಮಣ್ಣನವರು 1997ರಲ್ಲಿ ಸುದ್ದಿಸಂಸ್ಥೆಯೊಂದರೊಡನೆ ಮಾತನಾಡುತ್ತ, ಅಂದು ಸಿಡಿದದ್ದು ಬಾಂಬೇ ಎಂದೂ, ಅದು ಹೇಳಿಕೊಂಡಷ್ಟು ಶಾಂತಿಯುತವಾಗಿರಲಿಲ್ಲವೆಂದೂ ಒಪ್ಪಿಕೊಂಡರು. ಒಂದು ವಿಶೇಷಣ ಕಳಚಿಬೀಳಲು ಇಪ್ಪತ್ತಮೂರು ವರ್ಷ ಬೇಕಾಯಿತು.

ಆದರೆ ಪ್ರಭುತ್ವದ ವಾಕ್‌ಕೌಶಲವನ್ನು ಅದರ ಪೂರ್ಣಕಲೆಯಲ್ಲಿ ಕಾಣಬೇಕಾದರೆ 1975ರ ಜೂನ್ 26ರ ಬೆಳಗ್ಗೆ ಆಕಾಶವಾಣಿಯಲ್ಲಿ ಪ್ರಧಾನಿಯವರು ಮಾಡಿದ ಭಾಷಣವನ್ನು ಓದಬೇಕು. ಚಿಕ್ಕ ಭಾಷಣ, ಕೆಲವೇ ನಿಮಿಷಗಳದು. ರಾಷ್ಟ್ರಪತಿಗಳು ತುರ್ತು ಪರಿಸ್ಥಿತಿ ಘೋಷಿಸಿದ್ದಾರೆ, ಗಾಬರಿಪಡುವಂಥದೇನೂ ಇಲ್ಲ ಎಂದು ಅದು ಮೊದಲಾಗುತ್ತದೆ. ಮೊದಲ ಮಾತಿನ ಕರ್ತೃವನ್ನೇ ನೋಡಿ. ಘೋಷಿಸಿದವರು ರಾಷ್ಟ್ರಪತಿಗಳು! ಫಕ್ರುದ್ದೀನ್ ಅಲಿ ಅಹಮದ್ ಅವರು ಸಹಿ ಹಾಕಿದ್ದು ನಿಜ. ಆದರೆ ಹಾಕೆಂದು ಸಲಹೆಯಿತ್ತವರು ಮಾತನಾಡುತ್ತಿದ್ದವರೇ. ಮಂತ್ರಿಮಂಡಲಕ್ಕೆ ಸುದ್ದಿ ತಿಳಿದದ್ದು ಸಹಿಯಾದ ಮೇಲೆ, ಮರುದಿನ ಬೆಳಗ್ಗೆ. ಎರಡನೆಯ ಮಾತು ಇನ್ನೂ ಚತುರವಾದದ್ದು. ಗಾಬರಿ ಬೇಡ ಎನ್ನುವ ಮೊದಲು ಯಾರೂ ಗಾಬರಿಗೊಂಡಿರಲಿಲ್ಲ. ಬಹುಮಂದಿಗೆ ಸುದ್ದಿಯೇ ತಿಳಿದಿರಲಿಲ್ಲ. ದಿಲ್ಲಿಯ ಅನೇಕ ಪತ್ರಿಕೆಗಳ ಮುದ್ರಣಾಲಯಗಳಿಗೆ ಹಿಂದಿನ ರಾತ್ರಿಯೇ ವಿದ್ಯುತ್ತನ್ನು ಕಡಿಯಲಾಗಿತ್ತು.

ಮುಂದೆ ಬರುವುದು ಆಳವಾದ, ವ್ಯಾಪಕವಾದ ಒಂದು ಪಿತೂರಿಯ ಮಾತು. ಪಿತೂರಿ ಯಾರದು? ಹೆಸರಿಲ್ಲ. ಹೆಸರಿಟ್ಟರೆ ಹೆಸರಿನವನು ಉತ್ತರಿಸಬಹುದು. ಈ ಪಿತೂರಿ ಆರಂಭವಾದದ್ದು ಸಾಮಾನ್ಯ ಜನರ ಹಿತಕ್ಕಾಗಿ ತಾವು ಪ್ರಗತಿಪರ ಕಾರ್ಯಕ್ರಮಗಳನ್ನು ಕೈಗೊಂಡಂದಿನಿಂದ ಎಂದು ಪ್ರಧಾನಿ ಹೇಳುತ್ತಾರೆ. ಹೀಗೆ ಒಂದೇ ವಾಕ್ಯದಲ್ಲಿ ಅವರ ವಿರೋಧಿಗಳು ಬಡವರ ವಿರೋಧಿಗಳಾಗುತ್ತಾರೆ. ನಂತರ ರೈಲ್ವೆ ಸಚಿವ ಎಲ್. ಎನ್. ಮಿಶ್ರಾ ಅವರ ಹತ್ಯೆ, ಭಾರತದ ಮುಖ್ಯ ನ್ಯಾಯಮೂರ್ತಿಗಳ ಮೇಲೆ ನಡೆದ ದಾಳಿ ಇವುಗಳ ಪ್ರಸ್ತಾಪ ಬರುತ್ತದೆ. ಇವೆರಡೂ ಸುಳ್ಳಲ್ಲ, ಅದೇ ವರ್ಷ ನಡೆದ ಘೋರ ಕೃತ್ಯಗಳು. ನಮ್ಮ ಆಗಮಗಳು ವಚನವನ್ನು ಸತ್ಯ, ಅಸತ್ಯ, ಉಭಯ, ಅನುಭಯ ಎಂದು ನಾಲ್ಕು ಬಗೆಯಾಗಿ ವಿಂಗಡಿಸಿವೆ. ಸತ್ಯವೂ ಅಸತ್ಯವೂ ಕಲೆತ ಉಭಯವಚನವನ್ನು ಬೇರೆಯದೇ ವರ್ಗವಾಗಿ ಇಟ್ಟ ಪೂರ್ವಾಚಾರ್ಯರ ವಿವೇಕ ಇಂಥ ಭಾಷಣವನ್ನು ಓದುವಾಗ ಅರ್ಥವಾಗುತ್ತದೆ. ನಿಜವಾದ ಎರಡು ರಕ್ತಪಾತಗಳು ಹೆಸರಿಲ್ಲದ ಪಿತೂರಿಗೆ ಸಾಕ್ಷಿಗಳಾಗಿ ನಿಲ್ಲುತ್ತವೆ. ಹಾಲಿನ ಬಿಳುಪು ನೀರಿಗೂ ಬರುತ್ತದೆ.

ಇನ್ನು ಭಾಷಣದಲ್ಲಿ ಇಲ್ಲದ ಮಾತು. ಹದಿನಾಲ್ಕು ದಿನಗಳ ಹಿಂದೆ, ಜೂನ್ 12ರಂದು, ಅಲಹಾಬಾದ್ ಉಚ್ಚ ನ್ಯಾಯಾಲಯದ ನ್ಯಾಯಮೂರ್ತಿ ಜಗಮೋಹನಲಾಲ್ ಸಿನ್ಹಾ ಅವರು ಪ್ರಧಾನಿಯವರ ಚುನಾವಣೆಯನ್ನು ಅಸಿಂಧುಗೊಳಿಸಿದ್ದರು. ಜೂನ್ 24ರಂದು ಸರ್ವೋಚ್ಚ ನ್ಯಾಯಾಲಯದ ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಅವರು ಷರತ್ತಿನ ತಡೆಯಾಜ್ಞೆ ನೀಡಿದ್ದರು. ದೇಶವೆಲ್ಲ ಮಾತನಾಡುತ್ತಿದ್ದ ಈ ತೀರ್ಪಿನ ಹೆಸರು ಭಾಷಣದಲ್ಲಿಲ್ಲ. ಅದರ ಬದಲು, ತಾನು ಪ್ರಧಾನಿಯಾಗಿ ಉಳಿಯುವುದು ಮುಖ್ಯವಲ್ಲ, ಪ್ರಧಾನಿಯ ಪದವಿಯ ಗೌರವ ಮುಖ್ಯ ಎಂಬ ಮಾತಿದೆ. ಎಂಥ ನಿರ್ಮೋಹದ ಮಾತು! ಅಪರಿಗ್ರಹಿಯ ಬಾಯಿಗೆ ಒಪ್ಪುವಂಥದು. ಪದವಿಯನ್ನು ಬಿಡುವೆನೆಂಬ ಧ್ವನಿಯಲ್ಲಿ ಪದವಿಯನ್ನು ಉಳಿಸಿಕೊಳ್ಳುವ ಕಾರ್ಯ ನಡೆದಿದೆ. ಸತ್ಯಾಣುವ್ರತದ ಅತಿಚಾರಗಳಲ್ಲಿ ನ್ಯಾಸಾಪಹಾರವೂ ಒಂದೆಂದು ನಮ್ಮ ಶ್ರಾವಕರು ಪಾಠಶಾಲೆಯಲ್ಲೇ ಕಲಿತಿರುತ್ತಾರೆ. ಇಟ್ಟವನು ತಾನಿಟ್ಟ ಮೊತ್ತವನ್ನು ಮರೆತು ಕಡಿಮೆ ಕೇಳಿದಾಗ, "ಆಗಲಿ, ಅಷ್ಟನ್ನೇ ತೆಗೆದುಕೋ" ಎಂದು ಕೊಟ್ಟು ಉಳಿದುದನ್ನು ಉಳಿಸಿಕೊಂಡವನು ಒಂದು ಅಕ್ಷರವನ್ನೂ ಸುಳ್ಳಾಡಿಲ್ಲ. ಆದರೂ ಅವನ ವ್ರತಕ್ಕೆ ಕಲೆ ತಗುಲಿತು. ಸರ್ಕಾರದ ಭಾಷಣವನ್ನು ಈ ಅಳತೆಗೋಲಿನಿಂದ ಅಳೆಯುವುದನ್ನು ನಾವೇಕೆ ಕಲಿಯಲಿಲ್ಲ?

ಕಾನೂನನ್ನು ಪಾಲಿಸುವ ಪ್ರಜೆಗಳ ಹಕ್ಕುಗಳಿಗೆ ಇದರಿಂದ ಬಾಧೆಯಿಲ್ಲ ಎಂಬ ಭರವಸೆಯೂ ಆ ಭಾಷಣದಲ್ಲಿತ್ತು. ಮರುದಿನವೇ, ಜೂನ್ 27ರಂದು, ಜೀವ ಮತ್ತು ಸ್ವಾತಂತ್ರ್ಯದ ಹಕ್ಕಿಗಾಗಿ ನ್ಯಾಯಾಲಯದ ಮೊರೆಹೋಗುವ ದಾರಿಯನ್ನು ರಾಷ್ಟ್ರಪತಿಗಳ ಆದೇಶ ಮುಚ್ಚಿತು. 1976ರಲ್ಲಿ ಸರ್ವೋಚ್ಚ ನ್ಯಾಯಾಲಯ ಅದನ್ನೇ ಎತ್ತಿಹಿಡಿಯಿತು; ಐವರಲ್ಲಿ ನ್ಯಾಯಮೂರ್ತಿ ಎಚ್. ಆರ್. ಖನ್ನಾ ಒಬ್ಬರೇ ಭಿನ್ನಮತ ಬರೆದರು. ವಿಚಾರಣೆಯಿಲ್ಲದೆ ಸೆರೆಗೆ ಹೋದವರ ಸಂಖ್ಯೆ ಒಂದು ಲಕ್ಷವನ್ನು ಮೀರಿತು. ಸಂಸದೀಯ ಸಮಿತಿಯ ಕೆಲಸಕ್ಕಾಗಿ ಬೆಂಗಳೂರಿಗೆ ಬಂದಿದ್ದ ವಾಜಪೇಯಿ, ಅಡ್ವಾಣಿ, ಮಧು ದಂಡವತೆ ಮೊದಲಾದವರು ಆ ಜೂನ್ 26ರಂದೇ ಇಲ್ಲಿಯ ಸೆರೆಮನೆ ಸೇರಿದರು. 'ಸಂಸ್ಕಾರ' ಚಿತ್ರದ ನಟಿ ಸ್ನೇಹಲತಾ ರೆಡ್ಡಿಯವರು ಅದೇ ಸೆರೆಮನೆಯಲ್ಲಿ ಉಬ್ಬಸದಿಂದ ನರಳಿ, 1977ರ ಜನವರಿಯಲ್ಲಿ ಹೊರಬಂದ ಕೆಲವೇ ದಿನಗಳಲ್ಲಿ ತೀರಿಕೊಂಡರು. ಬಾಧೆಯಿಲ್ಲವೆಂಬ ಮಾತಿಗೆ ಇಷ್ಟು ಭಾಷ್ಯ ಸಾಕು.

ಇಷ್ಟಾದರೂ ಪ್ರಭುತ್ವಕ್ಕೆ ತನ್ನ ಮಾತೊಂದೇ ಸಾಲಲಿಲ್ಲ. ಸಂತರ ಮುದ್ರೆ ಬೇಕಾಯಿತು. ಅದು ದೊರೆತದ್ದು ಪವನಾರಿನಲ್ಲಿ. ಆಚಾರ್ಯ ವಿನೋಬಾ ಭಾವೆಯವರು 1974ರ ಡಿಸೆಂಬರ್ 25ರಿಂದ ಒಂದು ವರ್ಷದ ಮೌನವ್ರತದಲ್ಲಿದ್ದರು. ನಮ್ಮ ಸಮಾಜ ಅವರಿಗೆ ಋಣಿ. ಎಲ್ಲ ಪಂಗಡಗಳೂ ಒಪ್ಪುವ 'ಸಮಣ ಸುತ್ತಂ' ಎಂಬ ಸಂಕಲನ ಅದೇ ನಿರ್ವಾಣ ವರ್ಷದಲ್ಲಿ ರೂಪುಗೊಂಡದ್ದು ಅವರ ಒತ್ತಾಸೆಯಿಂದ. ತಮ್ಮನ್ನು ಕಾಣಲು ಬಂದ ರಾಜಕಾರಣಿಗೆ ಆ ಮೌನಿ ಮಹಾಭಾರತದ ಒಂದು ಪರ್ವದ ಹೆಸರನ್ನು ಸೂಚಿಸಿದರು: ಅನುಶಾಸನ ಪರ್ವ. ಅಷ್ಟೇ ಸಾಕಾಯಿತು. ಎರಡು ಪದಗಳು ಗೋಡೆಗಳ ಮೇಲೇರಿದವು, ಭಾಷಣಗಳಲ್ಲಿ ಮೊಳಗಿದವು. ತುರ್ತು ಪರಿಸ್ಥಿತಿಯೇ ಅನುಶಾಸನ ಪರ್ವವೆಂದಾಯಿತು. ಮಾತನಾಡದವನ ಮಾತಿಗೆ ಅರ್ಥ ಹೇಳುವ ಸ್ವಾತಂತ್ರ್ಯ ಯಾರಿಗಾದರೂ ಉಂಟಲ್ಲ!

ಆ ಪರ್ವದಲ್ಲಿ ಶರಶಯ್ಯೆಯ ಮೇಲೆ ಮಲಗಿದ ಭೀಷ್ಮರು ಬೋಧಿಸುವುದು ಯಾರಿಗೆ? ಪ್ರಜೆಗಳಿಗಲ್ಲ, ಯುಧಿಷ್ಠಿರನಿಗೆ. ಅಲ್ಲಿ ಅನುಶಾಸನಕ್ಕೆ ಒಳಗಾಗುವವನು ದೊರೆ. ಗೋಡೆಯ ಮೇಲೆ ಬರೆಸಿದವರು ಈ ಸಣ್ಣ ವಿವರವನ್ನು ಬಿಟ್ಟಿದ್ದರು. ಡಿಸೆಂಬರಿನಲ್ಲಿ ಮೌನ ಮುರಿದ ವಿನೋಬಾ ಅವರು ಶಾಸನವೆಂಬುದು ಆಳುವವರದು, ಅನುಶಾಸನವೆಂಬುದು ನಿರ್ಭಯರೂ ನಿಷ್ಪಕ್ಷಪಾತಿಗಳೂ ಆದ ಆಚಾರ್ಯರದು ಎಂದು ಬಿಡಿಸಿ ಹೇಳಿದರು. ಆ ವಿವರಣೆ ಮಾತ್ರ ಯಾವ ಗೋಡೆಯನ್ನೂ ಏರಲಿಲ್ಲ. 1976ರಲ್ಲಿ ಗೋಹತ್ಯಾ ನಿಷೇಧಕ್ಕಾಗಿ ಉಪವಾಸ ಕೈಗೊಳ್ಳುವ ತಮ್ಮ ಸಂಕಲ್ಪವನ್ನು ಅವರು ಪ್ರಕಟಿಸಿದಾಗ, ಅದನ್ನು ಅಚ್ಚುಹಾಕಿದ ಅವರದೇ 'ಮೈತ್ರಿ' ಪತ್ರಿಕೆಯ ಪ್ರತಿಗಳನ್ನು ಪೊಲೀಸರು ವಶಪಡಿಸಿಕೊಂಡರು. ಸಂತನ ಮೌನ ಸರ್ಕಾರಕ್ಕೆ ಬೇಕಾಗಿತ್ತು. ಸಂತನ ಮಾತು ಬೇಕಾಗಿರಲಿಲ್ಲ.

ಮೌನದ ವಿಷಯವೆತ್ತಿದ್ದರಿಂದ ಇನ್ನೊಂದು ಘೋಷಣೆಯನ್ನೂ ನೆನೆಯಬೇಕು. ಮಾತು ಕಡಿಮೆ ಮಾಡಿ, ಹೆಚ್ಚು ದುಡಿಯಿರಿ ಎಂಬ ಫಲಕಗಳು ಆಗ ಕಚೇರಿಗಳಲ್ಲಿಯೂ ರಸ್ತೆಗಳಲ್ಲಿಯೂ ತೂಗಾಡುತ್ತಿದ್ದವು. ವಚನಗುಪ್ತಿಯನ್ನು ಬಲ್ಲ ಮನೆಯವರಿಗೆ ಇದರಲ್ಲೇನು ತಪ್ಪು ಕಂಡೀತು? ಎಷ್ಟೋ ಹಿರಿಯರು ಮೆಚ್ಚಿ ತಲೆದೂಗಿದರು. ರೈಲುಗಳು ಸಮಯಕ್ಕೆ ಬರುತ್ತಿವೆ ಎಂದೂ ಸೇರಿಸಿದರು. ಪತ್ರಿಕೆಗಳ ಮೇಲೆ ಪೂರ್ವಪರಿಶೀಲನೆಯಿರುವ ನಾಡಿನಲ್ಲಿ ಮಿತಭಾಷಣದ ಉಪದೇಶಕ್ಕೆ ಬೇರೊಂದು ಅರ್ಥವಿದೆ ಎಂಬುದು ಹೊಳೆಯಲಿಲ್ಲ. ಸಂಯಮದ ಹೆಸರಿನಲ್ಲಿ ನಡೆದ ಸಂತಾನಹರಣ ಶಸ್ತ್ರಚಿಕಿತ್ಸೆಗಳ ಕಥೆ ಎಲ್ಲರಿಗೂ ಗೊತ್ತು: 1976-77ರ ಒಂದೇ ವರ್ಷದಲ್ಲಿ ಅವುಗಳ ಸಂಖ್ಯೆ 80 ಲಕ್ಷವನ್ನು ದಾಟಿತು. ಮುಂದಿನ ಸರ್ಕಾರ ಬಂದು ಕುಟುಂಬ ಯೋಜನೆಯನ್ನು ಕುಟುಂಬ ಕಲ್ಯಾಣವೆಂದು ಕರೆಯಿತು. ಪದಕ್ಕಾದ ಗಾಯಕ್ಕೆ ಪದದ್ದೇ ಪಟ್ಟಿ.

ಇಲ್ಲಿ ಒಂದು ಆಕ್ಷೇಪ ಏಳಬಹುದು. ಜನರನ್ನು ಒಲಿಸಿಕೊಳ್ಳದೆ ರಾಜ್ಯಭಾರ ಸಾಧ್ಯವೆ? ಕಷ್ಟಕಾಲದಲ್ಲಿ ತ್ಯಾಗಕ್ಕೆ ಕರೆಕೊಡದ ನಾಯಕನು ಎಂಥ ನಾಯಕ? ಸರಿಯಾದ ಪ್ರಶ್ನೆ. ಒಲಿಸುವ ಮಾತೆಲ್ಲ ಪಾಪವೆಂದು ನಾನು ಹೇಳುತ್ತಿಲ್ಲ. ಹಾಗಾದರೆ ನಮ್ಮ ಪುರಾಣಕಾರರನ್ನೂ ಕಟಕಟೆಯಲ್ಲಿ ನಿಲ್ಲಿಸಬೇಕಾದೀತು. 1965ರಲ್ಲಿ ಆಹಾರಧಾನ್ಯದ ಅಭಾವ ತಲೆದೋರಿದಾಗ ಪ್ರಧಾನಿ ಲಾಲ್ ಬಹದ್ದೂರ್ ಶಾಸ್ತ್ರಿಯವರು ವಾರಕ್ಕೆ ಒಂದು ಹೊತ್ತಿನ ಊಟ ಬಿಡಿರೆಂದು ದೇಶವನ್ನು ಕೇಳಿದರು. ಕೇಳುವ ಮೊದಲು ತಮ್ಮ ಮನೆಯಲ್ಲಿ ಒಲೆ ಆರಿಸಿ ನೋಡಿದ್ದರು. ಅಭಾವವನ್ನು ಅಭಾವವೆಂದೇ ಕರೆದರು. ಬಿಡದವನನ್ನು ಹಿಡಿಯಲು ಪೊಲೀಸರನ್ನು ಕಳುಹಿಸಲಿಲ್ಲ. ನಮ್ಮ ಹಿಂದಿನ ತಲೆಮಾರಿನ ಮನೆಗಳಲ್ಲಿ ಸೋಮವಾರದ ರಾತ್ರಿಯ ಆ ಉಪವಾಸವನ್ನು ಅವರು ತೀರಿಕೊಂಡ ಮೇಲೂ ನಡೆಸಿದವರಿದ್ದರು. ಅದು ಉತ್ತಮಪುರುಷದಲ್ಲಿ ಮೊದಲಾದ ಮಾತು.

ಪಕ್ಷ ಬದಲಾದರೆ ಭಾಷೆಯೂ ಬದಲಾದೀತೆಂಬ ಭ್ರಮೆ ಕೆಲವರಿಗಿದೆ. 2016ರ ನವೆಂಬರ್ 8ರ ರಾತ್ರಿ 8 ಗಂಟೆಗೆ ಪ್ರಧಾನಿ ನರೇಂದ್ರ ಮೋದಿಯವರು 500 ಮತ್ತು 1000 ರೂಪಾಯಿಗಳ ನೋಟುಗಳು ಅಂದಿನ ಮಧ್ಯರಾತ್ರಿಯಿಂದ ಚಲಾವಣೆಯಲ್ಲಿರುವುದಿಲ್ಲವೆಂದು ಸಾರಿದರು. ಕೆಲವು ದಿನಗಳ ಕಷ್ಟವನ್ನು ಸಹಿಸುವುದು ಮಹಾಯಜ್ಞದಲ್ಲಿ ಪಾಲ್ಗೊಂಡಂತೆ ಎಂದರು. ವರ್ಷಾಂತ್ಯದ ಭಾಷಣದಲ್ಲಿ ಅದೇ ಶುದ್ಧಿಯಜ್ಞವಾಯಿತು. ಆ ಕ್ರಮ ಆರ್ಥಿಕವಾಗಿ ಸರಿಯೋ ತಪ್ಪೋ, ಬಲ್ಲವರು ಚರ್ಚಿಸಲಿ. ರದ್ದಾದ ನೋಟುಗಳ ಮೌಲ್ಯದ ಶೇಕಡ 99.3ರಷ್ಟು ಮರಳಿ ಬಂತೆಂದು ರಿಸರ್ವ್ ಬ್ಯಾಂಕು 2018ರಲ್ಲಿ ತನ್ನ ವಾರ್ಷಿಕ ವರದಿಯಲ್ಲಿ ತಿಳಿಸಿತು. ನಾನು ಕೇಳುವುದು ಒಂದೇ. ಯಜ್ಞವೆಂದ ಮೇಲೆ ಯಜಮಾನನೊಬ್ಬನಿರಬೇಕು, ಆಹುತಿಯೊಂದಿರಬೇಕು; ಇಲ್ಲಿ ಯಾರು ಏನು? ಸರದಿಯಲ್ಲಿ ನಿಂತ ಕೂಲಿಯವನು, ಹಳ್ಳಿಯ ಕಿರಾಣಿ ಅಂಗಡಿಯವನು ಯಾವ ಸಂಕಲ್ಪ ಮಾಡಿದ್ದ? ನಗದು ವ್ಯವಸ್ಥೆ ಸಾಕಷ್ಟು ಸಿದ್ಧವಾಗಿಲ್ಲ ಎಂದಿದ್ದರೆ ಅದು ಆಡಳಿತದ ಕೊರತೆಯಾಗುತ್ತಿತ್ತು, ಉತ್ತರ ಕೊಡಬೇಕಾಗುತ್ತಿತ್ತು. ಯಜ್ಞವೆಂದದ್ದರಿಂದ ಅದು ನಮ್ಮ ಪುಣ್ಯವಾಯಿತು.

ಯಜ್ಞದ ಮಾತಿನಿಂದ ವಸುರಾಜನ ಕಥೆ ನೆನಪಾಗುವುದು ಸಹಜ. ಹರಿವಂಶ ಪುರಾಣದಲ್ಲಿ ಬರುವ ಈ ಕಥೆಯನ್ನು ನಮ್ಮ ಮಕ್ಕಳಿಗೂ ಹೇಳುತ್ತೇವೆ. ಯಜ್ಞದಲ್ಲಿ 'ಅಜ'ವನ್ನು ಹೋಮಿಸಬೇಕೆಂಬ ವಾಕ್ಯಕ್ಕೆ ಮತ್ತೆ ಮೊಳೆಯದ ಹಳೆಯ ಧಾನ್ಯವೆಂಬ ಅರ್ಥವನ್ನು ಗುರು ಕ್ಷೀರಕದಂಬ ಹೇಳಿಕೊಟ್ಟಿದ್ದ; ನಾರದನು ಅದನ್ನೇ ಹಿಡಿದ. ಗುರುಪುತ್ರ ಪರ್ವತನು ಮೇಕೆಯೆಂದು ಹಠಹಿಡಿದ. ಇಬ್ಬರ ಸಹಪಾಠಿಯೂ ದೊರೆಯೂ ಆದ ವಸು ನಿಜವನ್ನು ಬಲ್ಲವನಾಗಿದ್ದೂ, ಗುರುಪತ್ನಿಗೆ ಕೊಟ್ಟ ಮಾತಿನ ದಾಕ್ಷಿಣ್ಯಕ್ಕೆ ಸಿಲುಕಿ ಪರ್ವತನ ಪರವಾಗಿ ನುಡಿದ. ಸಿಂಹಾಸನ ಕುಸಿಯಿತು, ಅವನು ಅಧೋಗತಿಗಿಳಿದ. ಕಥೆಯನ್ನು ಇಷ್ಟಕ್ಕೇ ನಿಲ್ಲಿಸಿಬಿಡುತ್ತೇವೆ. ಆದರೆ ನಾವು ಬಿಟ್ಟು ಹೇಳುವ ಒಂದು ವಿವರವಿದೆ. ವಸುವಿನ ಸಿಂಹಾಸನ ಅವನ ಸತ್ಯದ ಬಲದಿಂದ ಆಕಾಶದಲ್ಲಿ ನಿಂತಿದೆಯೆಂದು ಪ್ರಜೆಗಳು ನಂಬಿದ್ದರು. ಅದು ನಿಂತದ್ದು ಕಣ್ಣಿಗೆ ಕಾಣದಷ್ಟು ನಿರ್ಮಲವಾದ ಸ್ಫಟಿಕದ ಮೇಲೆ. ಅಂದರೆ ತೀರ್ಪು ಹೇಳುವ ದಿನಕ್ಕಿಂತ ಬಹಳ ಮೊದಲೇ ಆ ಆಸ್ಥಾನದಲ್ಲಿ ಒಂದು ಮಾತನ್ನು ಹೇಳದೆ ಉಳಿಸಲಾಗಿತ್ತು. ಜನ ಬೆರಗಾಗಿ ನೋಡುತ್ತಿದ್ದರು, ವಸು ತಿದ್ದಲಿಲ್ಲ.

ಆ ಸ್ಫಟಿಕವನ್ನು ಒದಗಿಸುವವರಲ್ಲಿ ನಾವೂ ಇದ್ದೇವೆ ಎಂಬುದೇ ನನ್ನ ಸಂಕಟ. 1974ರಲ್ಲಿ ಅಂಚೆಚೀಟಿ ಬಂದಾಗ ನಲಿದೆವು. 2024ರ ಏಪ್ರಿಲ್ 21ರಂದು, ಲೋಕಸಭಾ ಚುನಾವಣೆಯ ಮೊದಲ ಹಂತದ ಮತದಾನವಾಗಿ ಎರಡನೆಯದು ಬಾಕಿಯಿದ್ದಾಗ, ದಿಲ್ಲಿಯಲ್ಲಿ 2550ನೆಯ ನಿರ್ವಾಣ ಮಹೋತ್ಸವವನ್ನು ಪ್ರಧಾನಿಯವರು ಉದ್ಘಾಟಿಸಿ ಅಂಚೆಚೀಟಿ, ನಾಣ್ಯ ಬಿಡುಗಡೆ ಮಾಡಿದಾಗಲೂ ನಲಿದೆವು. ಎರಡು ಪಕ್ಷಗಳು, ಐವತ್ತು ವರ್ಷಗಳ ಅಂತರ. ನಮ್ಮ ಚಪ್ಪಾಳೆ ಮಾತ್ರ ಒಂದೇ. ರಾಜ್ಯದ ನಾಯಕರು ನಮ್ಮ ತೀರ್ಥಂಕರರಿಗೆ ಗೌರವ ಸಲ್ಲಿಸುವುದು ಬೇಡವೆಂದಲ್ಲ. ಸಲ್ಲಿಸಲಿ. ಆದರೆ ವೇದಿಕೆ ನಮ್ಮದಾಗಿರುವಾಗ, ಎದುರಿಗೆ ಕುಳಿತ ಮುನಿಗಳು ಕೂದಲನ್ನು ಕೈಯಿಂದ ಕಿತ್ತವರಾಗಿರುವಾಗ, ತ್ಯಾಗವೆಂಬ ಪದವನ್ನು ಯಾರೂ ಬೆಲೆ ತೆರದೆ ಒಯ್ಯುವಂತಾಗಬಾರದು.

ಹಾಗಾದರೆ ಟ್ರಸ್ಟುಗಳು ಮಾಡಬೇಕಾದದ್ದೇನು? ದೊಡ್ಡ ಪ್ರತಿಭಟನೆಯೇನೂ ಬೇಡ. ಅತಿಥಿಗಳು ಮಾತನಾಡುವಾಗ ಸಿದ್ಧಾಂತದ ಮಾತನ್ನು ಮುನಿಗಳಿಗೂ ಪಂಡಿತರಿಗೂ ಬಿಟ್ಟು, ತಮ್ಮ ಇಲಾಖೆಯ ಕೆಲಸವನ್ನು ಕುರಿತು ಹೇಳಬೇಕೆಂದು ಆಮಂತ್ರಣದಲ್ಲೇ ವಿನಯದಿಂದ ಕೋರಬಹುದು. ಸ್ವಾಧ್ಯಾಯ ಮಂಡಲಗಳಲ್ಲಿ ವರ್ಷಕ್ಕೊಮ್ಮೆ ಒಂದು ಸರ್ಕಾರಿ ಭಾಷಣವನ್ನು ತೆಗೆದುಕೊಂಡು, ಯಾವ ಪಕ್ಷದ್ದಾದರೂ ಆಗಲಿ, ಕರ್ತೃ ಯಾರು, ಕೇಳಿದ ತ್ಯಾಗ ಯಾರದು, ಬಿಟ್ಟ ಮಾತು ಯಾವುದು ಎಂದು ಮಕ್ಕಳೊಡನೆ ಓದಬಹುದು. ಆ ಕಲೆಯನ್ನು ಕಲಿತ ಹುಡುಗ ನಾಳೆ ನಮ್ಮ ಟ್ರಸ್ಟಿನ ವಾರ್ಷಿಕ ವರದಿಯನ್ನೂ ಹಾಗೆಯೇ ಓದಿಯಾನು, ಓದಲಿ. ಇನ್ನು ಸಂದೇಶಗಳನ್ನು ನಾವೇ ಬರೆದು ಸಹಿಗೆ ಕಳುಹಿಸುವ ಪದ್ಧತಿಯನ್ನಂತೂ ಈ ಕ್ಷಣವೇ ನಿಲ್ಲಿಸಬೇಕು.

ಅನುದಾನ ನಿಂತುಹೋದರೆ ಗತಿಯೇನು ಎಂದು ಸಮಿತಿಯ ಹಿರಿಯರೊಬ್ಬರು ನನ್ನನ್ನು ಗದರಿದ್ದಾರೆ. ಸಮುದಾಯ ಭವನದ ಮೇಲಿನ ಮಹಡಿ ಅರ್ಧಕ್ಕೆ ನಿಂತಿರುವುದು ನನಗೂ ಗೊತ್ತು. ಮುಂದಿನ ಸ್ಮರಣ ಸಂಚಿಕೆಗೆ ಸಂದೇಶಗಳನ್ನು ಸಿದ್ಧಪಡಿಸಿ ಕಳುಹಿಸುವ ಕೆಲಸ ಈ ಸಲವೂ ನನ್ನ ಪಾಲಿಗೇ ಬಂದಿದೆ. ಆಮಂತ್ರಣವನ್ನು ಮಾತ್ರ ಕಳುಹಿಸಿದ್ದೇನೆ, ಸಂದೇಶ ಬರೆದಿಲ್ಲ.